ಯುಗಾದಿ ಆದಮೇಲೂ ಸ್ನೋ ಬಿದ್ದರೆ

ಪ್ರಶ್ನೆ: ನಾವು ಡೆನ್ವರಿಗೆ ಬಂದು ಎರಡು ವರ್ಷ. ಯುಗಾದಿ ಕಳೆಯಿತು, ಬಿಸಿಲೂ ಚೆನ್ನಾಗಿದೆ ಅಂತ ಅವರೆ, ಟೊಮೆಟೊ ಸಸಿಗಳನ್ನು ಹಿತ್ತಲಲ್ಲಿ ನೆಟ್ಟೆ. ಏಪ್ರಿಲ್ ಕೊನೆಗೆ ಒಂದೇ ರಾತ್ರಿ ಅರ್ಧ ಅಡಿ ಸ್ನೋ! ಮಾರನೇ ದಿನ ಎರಡೂ ಕಪ್ಪಾಗಿದ್ದವು. ಪಕ್ಕದ ಪಾತಿಯ ಮೆಂತ್ಯಕ್ಕೆ ಮಾತ್ರ ಏನೂ ಆಗಿಲ್ಲ. ಹೂಬಿಟ್ಟಿದ್ದ ಸೇಬಿನ ಮರದ್ದೇ ಈಗ ಚಿಂತೆ.
– ಓದುಗಿ, ಡೆನ್ವರ್

ಉತ್ತರ: ಯುಗಾದಿ ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ, ತಂಗೀ. ನಮ್ಮ ಸಾಗರದ ಕಡೆ ಗಿಡ ಸಾಯುವುದು ಮಳೆಗೆ ಕೊಳೆತು. ಚಳಿಗೆ ಕರಟಿ ಸಾಯುತ್ತದೆ ಅಂತ ಗೊತ್ತಾಗಿದ್ದು ಇಲ್ಲಿ ಮೊದಲ ವರ್ಷದ ಬದನೆ ಸಸಿಗಳನ್ನು ಕಳೆದುಕೊಂಡಾಗ. ಇಲ್ಲಿಯವರು ಟೊಮೆಟೊ ನೆಡಲು ಮೇ ಎರಡನೇ ಭಾನುವಾರದ ಮದರ್ಸ್ ಡೇವರೆಗೆ ಕಾಯುತ್ತಾರೆ. ಅದೂ ಪೂರ್ತಿ ನಂಬಿಕಸ್ಥ ದಿನವಲ್ಲ: 2022ರಲ್ಲಿ ಮೇ 20ರಂದು ಸ್ನೋ ಸುರಿಯಿತು, ಅದರ ಹಿಂದಿನ ದಿನ ನಾವು ಫ್ಯಾನ್ ಹಾಕಿಕೊಂಡು ಕೂತಿದ್ದೆವು!

ಮೆಂತ್ಯ, ಕೊತ್ತಂಬರಿ, ಪಾಲಕ್, ಬಟಾಣಿ ಚಳಿ ತಡೆಯುವ ಜಾತಿ. ಅವರೆ, ಟೊಮೆಟೊ, ಮೆಣಸಿನಗಿಡಕ್ಕೆ ಆ ತಾಕತ್ತಿಲ್ಲ. ಸ್ನೋ ಅಂದರೆ ಬಹುಪಾಲು ಗಾಳಿಯೇ, ನೆಲಕ್ಕಂಟಿದ ಸಣ್ಣ ಮೊಳಕೆಗೆ ಅದು ಕೌದಿ ಹೊದಿಸಿದ ಹಾಗೆ. ಮೆಂತ್ಯದ ಮೇಲಿಂದ ಅದನ್ನು ಕೆದರಿ ತೆಗೆಯಲು ಹೋಗಬೇಡಿ. ನಿಜವಾದ ಭಯ ಸ್ನೋ ನಿಂತು ಮೋಡ ಚದುರಿದ ರಾತ್ರಿಯದು. ಆಗ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ.

ಆ ಸಂಜೆ ನಾನು ಮಣ್ಣಿಗೆ ನೀರು ಹಾಕುತ್ತೇನೆ. ಒದ್ದೆ ಮಣ್ಣು ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ. ಕತ್ತಲಾಗುವ ಮುಂಚೆ ಸಸಿಗಳಿಗೆ ಬಕೆಟ್ ಬೋರಲು ಹಾಕುತ್ತೇನೆ, ದೊಡ್ಡವಕ್ಕೆ ಕೋಲು ನೆಟ್ಟು ಹಳೇ ಬೆಡ್‌ಶೀಟ್ ನೆಲ ಮುಟ್ಟುವ ಹಾಗೆ ಹೊದಿಸುತ್ತೇನೆ. ಪ್ಲಾಸ್ಟಿಕ್ ಹಾಳೆ ಬೇಡ, ಅದು ತಾಗಿದ ಎಲೆ ಅಲ್ಲೇ ಸುಡುತ್ತದೆ. ಬಿಸಿಲು ಬಂದ ಕೂಡಲೇ ಎಲ್ಲ ತೆಗೆಯಬೇಕು. (ನಮ್ಮ ಮನೆಯಲ್ಲಿ ಯಾವ ಬೆಡ್‌ಶೀಟ್ 'ಹಳೇದು' ಎಂಬ ಜಗಳ ಇನ್ನೂ ಬಗೆಹರಿದಿಲ್ಲ.)

ವಸಂತದ ಸ್ನೋ ನೀರು ಕುಡಿದು ಭಾರವಾಗಿರುತ್ತದೆ. ಸೇಬಿನ ಕೊಂಬೆ ಬಾಗಿದರೆ ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಉದುರಿಸಿ. ಹೆಪ್ಪುಗಟ್ಟಿದ್ದರೆ ಮುಟ್ಟಲೇಬೇಡಿ, ಪಟ್ಟನೆ ಮುರಿಯುತ್ತದೆ. ಪೂರ್ತಿ ಅರಳಿದ ಸೇಬಿನ ಹೂವಿನಲ್ಲಿ ಮೈನಸ್ 2 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಹತ್ತರಲ್ಲಿ ಒಂದು ಸಾಯುತ್ತದೆ, ಮೈನಸ್ 4ಕ್ಕೆ ಒಂಬತ್ತು. ನಿಮ್ಮ ಮರದ ನಾಲ್ಕೈದು ಹೂ ಕಿತ್ತು ಉಗುರಿನಿಂದ ಸೀಳಿ ನೋಡಿ. ನಡುವೆ ಹಸಿರಿದ್ದರೆ ಜೀವ ಇದೆ, ಕಪ್ಪಾಗಿದ್ದರೆ ಹೋಯಿತು. ಹತ್ತಕ್ಕೆ ಒಂದು ಉಳಿದರೂ ಸೇಬು ಸಾಕಷ್ಟು ಸಿಗುತ್ತದೆ.

ಅವರೆಯನ್ನು ಮೇ ಕೊನೆಗೆ ಬೀಜ ಹಾಕಿಯೇ ಬೆಳೆಸಿ, ತಡವೇನಿಲ್ಲ. ಆದರೆ ನಮ್ಮ ನಾಟಿ ಅವರೆ ಹಗಲು ಗಿಡ್ಡವಾಗದೆ ಹೂ ಬಿಡುವುದಿಲ್ಲ, ಅಷ್ಟರಲ್ಲಿ ಇಲ್ಲಿ ಅಕ್ಟೋಬರಿನ ಚಳಿ ಬಂದಿರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತಳಿಗೆ ಆ ಹಟವಿಲ್ಲ. ಊರಿಂದ ತರಿಸುವುದಾದರೆ ಕಾಗದಪತ್ರ ಮಾಡಿಸಿ ತರಿಸಿ, ಸೂಟ್‌ಕೇಸಿನ ಸೀರೆ ಮಡಿಕೆಯಲ್ಲಿ ಬೇಡ.