ಆ ಕಸೂತಿಯನ್ನು ಕಿತ್ತು ಹಾಕಿಸಬೇಡಿ

ಓದುಗರ ಪತ್ರ: ನಮ್ಮ ಮನೆಯಲ್ಲಿ ಆರು ಹಳೇ ಕುರ್ಚಿಗಳಿವೆ. ಸೀಟಿನ ಮೇಲಿನ ಉಣ್ಣೆ ಕಸೂತಿ ಮುತ್ತಜ್ಜಿ ಶುರು ಮಾಡಿದ್ದು, ಆಮೇಲೆ ಅಜ್ಜಿ, ಅಮ್ಮ ಮುಂದುವರಿಸಿದ್ದು. ಈಗ ಬಣ್ಣ ಮಾಸಿದೆ, ಅಲ್ಲಲ್ಲಿ ಎಳೆ ಉದುರಿದೆ. ಅಮ್ಮನಿಗೆ ಬೇಜಾರು. ಕುಶನ್ ಕೆಲಸದವರು ಕಿತ್ತು ಹೊಸ ಬಟ್ಟೆ ಹೊದಿಸೋಣ ಅಂತಾರೆ. ತೊಳೆದರೆ ಸರಿಹೋಗುತ್ತಾ?

ಸಂಪಾದಕರ ಉತ್ತರ: ತೊಳೆಯಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಕೆಟ್ಟು ಬುದ್ಧಿ ಕಲಿತವನು. ನಮ್ಮಜ್ಜಿ ಹಾಕಿದ್ದ ಕಸೂತಿ ಕುಶನ್ ಮೇಲೆ ಸುಮ್ನೆ ಒಂದು ಸಲ ಒದ್ದೆ ಬಟ್ಟೆ ಆಡಿಸಿದೆ. ಗುಲಾಬಿಯ ಕೆಂಪೆಲ್ಲ ಪಕ್ಕದ ಬಿಳಿಗೆ ಇಳಿಯಿತು. ಇವತ್ತಿಗೂ ಅದನ್ನು ಮಗುಚಿಯೇ ಇಟ್ಟಿದ್ದೇನೆ.

ಉದುರಿದ ಎಳೆಗಳ ಬಣ್ಣ ಯಾವುದು, ಸ್ವಲ್ಪ ನೋಡಿ. ಜಾಸ್ತಿ ಕಪ್ಪು, ಕಂದು ಇರಬೇಕು, ಅಲ್ವಾ? ಹಿಂದೆ ಆ ಬಣ್ಣ ಹಿಡಿಸಲು ಕಬ್ಬಿಣದ ಉಪ್ಪು, ಅಂದರೆ ಕಬ್ಬಿಣ ಸೇರಿದ ರಾಸಾಯನಿಕ, ಬಳಸುತ್ತಿದ್ದರು. ಅದು ವರ್ಷಗಟ್ಟಲೆ ಉಣ್ಣೆಯನ್ನು ಒಳಗೊಳಗೇ ಕೊರೆಯುತ್ತದೆ. ಹಾಗಾಗಿ ಹೂವು ಗಟ್ಟಿಯಾಗಿರುತ್ತದೆ, ಸುತ್ತಲಿನ ಕಪ್ಪು ಗೆರೆ ಮಾತ್ರ ಪುಡಿಪುಡಿ. ಅದರಲ್ಲಿ ಮುತ್ತಜ್ಜಿಯ ಕೈಯದೇನೂ ತಪ್ಪಿಲ್ಲ, ಅಮ್ಮನಿಗೆ ಹೇಳಿ.

ಇನ್ನು ಮಾಸಿದ ಬಣ್ಣ. ಅದು ಬೆಳಕಿನ ಕೆಲಸ, ಹೋದದ್ದು ವಾಪಸ್ ಬರುವುದಿಲ್ಲ. ಮ್ಯೂಸಿಯಂಗಳಲ್ಲಿ ಹಳೇ ಬಟ್ಟೆಗಳ ಮೇಲೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬಿಡುವುದಿಲ್ಲ. ಲಕ್ಸ್ ಅಂದರೆ ಬೆಳಕಿನ ಅಳತೆ; ನೀವು ಅಷ್ಟೆಲ್ಲ ಅಳೆಯಬೇಕಿಲ್ಲ, ಕುರ್ಚಿಗಳನ್ನು ಕಿಟಕಿಯಿಂದ ದೂರ ಸರಿಸಿದರೆ ಸಾಕು. ಆದರೆ ಸೀಟು ಎತ್ತಿ ತೆಗೆಯುವಂಥದ್ದಾದರೆ ಒಮ್ಮೆ ಮಗುಚಿ, ಅಂಚು ಮಡಚಿ ಮೊಳೆ ಹೊಡೆದ ಜಾಗ ನೋಡಿ. ಅಲ್ಲಿ ಅಸಲಿ ಬಣ್ಣ ಇನ್ನೂ ಇರುತ್ತದೆ. ನೋಡಿ ದಂಗಾಗುತ್ತೀರಿ. ಕಣ್ಣು ಕುಕ್ಕುವ ನೇರಳೆ ಕಂಡರೆ ಅದು ಬಹುಶಃ ರಾಸಾಯನಿಕ ಬಣ್ಣ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ ಅಂಥ ಮೊದಲ ನೇರಳೆ ಬಣ್ಣವನ್ನು ತಯಾರಿಸಿದ್ದು 1856ರಲ್ಲಿ. ಅಂದರೆ ಆ ಸೀಟು ಅದಕ್ಕಿಂತ ಹಿಂದಿನದಾಗಿರಲಾರದು.

ಯಾವುದು ಯಾರ ಕೈಯದು ಅಂತಲೂ ಸುಳಿವು ಸಿಗುತ್ತದೆ. ಒಂದೇ ಕಡೆಗೆ ಓರೆಯಾಗಿ ಹಾಕುವ ಹೊಲಿಗೆಯಲ್ಲಿ ದಾರ ಬಿಗಿಯಾಗಿ ಎಳೆದರೆ ಕೆಳಗಿನ ಬಟ್ಟೆಯೇ ಸೊಟ್ಟಗಾಗುತ್ತದೆ. ಒಬ್ಬರದು ಬಿಗಿ, ಇನ್ನೊಬ್ಬರದು ಸಡಿಲ. ಹಿಂಬದಿಯಲ್ಲಿ ದಾರ ಕೊನೆ ಮಾಡುವ ರೀತಿ ಒಬ್ಬೊಬ್ಬರದು ಒಂದೊಂದು ಥರ. ಇಂಥ ಕೆಲಸ ನಿಧಾನಕ್ಕೇ ಆಗುವುದು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ರ ಹೆಂಡತಿ ಮಾರ್ಥಾ ತಮ್ಮ ಮನೆಯ ಕುರ್ಚಿಗಳ ಕುಶನ್‌ಗಳಿಗೆ ಚಿಪ್ಪಿನ ಚಿತ್ತಾರ ಹಾಕಲು ದಶಕಗಳನ್ನೇ ಕಳೆದರು.

ಧೂಳು ತೆಗೆಯಲು ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ತೆಳು ಬಲೆ ಬಟ್ಟೆ ಕಟ್ಟಿ, ಕಡಿಮೆ ವೇಗದಲ್ಲಿ, ಬಟ್ಟೆಗೆ ತಾಗಿಸದೆ ಆಡಿಸಿ. ಸೀಟಿನ ಅಡಿಯಲ್ಲಿ ನುಸಿ ಇದೆಯಾ ನೋಡಿ. ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಅದಕ್ಕೆ ಕತ್ತಲೆ ಮೂಲೆಯೇ ಇಷ್ಟ. ಕುಶನ್ ಕೆಲಸದವರಿಗೆ ಬೇಡ ಅಂದುಬಿಡಿ. ಕುರ್ಚಿ ದಿನಾ ಬಳಸಲೇಬೇಕಾದರೆ ಕಸೂತಿಯ ಮೇಲೆ ಮೊಳೆ ಹೊಡೆಯದೆ ಸಡಿಲವಾದ ಕವರ್ ಹೊಲಿಸಿ ಹಾಕಿ. ಉದುರಿದ ಕಡೆ ನೀವೇ ಹೊಸ ದಾರ ಹಾಕಲು ಹೋಗಬೇಡಿ, ಹಳೇ ಬಟ್ಟೆ ಸೂಜಿಗೆ ಹರಿಯುತ್ತದೆ. ಹಳೇ ಬಟ್ಟೆ ಉಳಿಸುವ ಕೆಲಸ ಬಲ್ಲವರಿಗೇ ತೋರಿಸಿ.

ಈ ವಾರವೇ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಸೀಟು ಯಾರದು ಅಂತ ಕೇಳಿ. ಹತ್ತಿ ಬಟ್ಟೆಯ ಪಟ್ಟಿ ಮೇಲೆ ಹೆಸರು ಬರೆದು ಕುರ್ಚಿಯ ಅಡಿಗೆ ಕಟ್ಟಿ. ಅಂಟಿಸುವ ಚೀಟಿ ಮಾತ್ರ ಬೇಡ, ಗೋಂದಿನ ಕಲೆ ಹೋಗುವುದಿಲ್ಲ.