ತಂಗಿಯ ಮದುವೆಗೆ ಹೋಗಲು ತಪ್ಪೊಪ್ಪಿಗೆ ಬೇಕೆ?

ಪ್ರಶ್ನೆ: ನನಗೆ 27 ವರ್ಷ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಊರು ದಾವಣಗೆರೆ ಕಡೆ. ಅಪ್ಪ ಪೆಂಟೆಕೋಸ್ಟಲ್ ಪಂಥದ ಕ್ರೈಸ್ತ ಸಭೆಯೊಂದರ ಹಿರಿಯರು. ನಮಗೆ ಒಡವೆ, ಟಿ.ವಿ., ಸಿನಿಮಾ ಎಲ್ಲವೂ ನಿಷಿದ್ಧ. ಹೆಣ್ಣುಮಕ್ಕಳು ತಲೆಗೆ ಮುಸುಕಿಲ್ಲದೆ ಪ್ರಾರ್ಥನೆಗೆ ಕೂರುವಂತಿಲ್ಲ, ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ. ಕ್ರಿಸ್ತನ ಕೊಡೆಯ ಕೆಳಗೆ ಅಪ್ಪನ ಕೊಡೆ, ಅದರ ಕೆಳಗೆ ನಾವು. ಆಚೆ ಕಾಲಿಟ್ಟರೆ ಸೈತಾನನ ಪಾಲು ಎಂದು ಪಾಸ್ಟರ್ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದರು. ಮನೆಯವರು ಗೊತ್ತುಮಾಡಿದ ಹುಡುಗನನ್ನು ಒಲ್ಲೆನೆಂದು ಎರಡು ವರ್ಷದ ಹಿಂದೆ ಮನೆ ಬಿಟ್ಟೆ. ಈಗ 19ರ ತಂಗಿಗೆ ಮದುವೆ ನಿಶ್ಚಯವಾಗಿದೆ. ನಾನು ಹೋಗಬೇಕಾದರೆ ಭಾನುವಾರ ಸಭೆಯ ಮುಂದೆ ನಿಂತು ‘ಹಿಂಜಾರಿದ್ದೆ, ಅವಿಧೇಯಳಾಗಿದ್ದೆ’ ಎಂದು ಅರಿಕೆ ಮಾಡಬೇಕಂತೆ. ಇಲ್ಲದಿದ್ದರೆ ಆಸ್ತಿಯಲ್ಲೂ ಪಾಲಿಲ್ಲವಂತೆ. ಅಮ್ಮ ಕದ್ದು ಫೋನ್ ಮಾಡಿ ‘ಒಂದು ಮಾತು ಹೇಳಿಬಿಡು’ ಎಂದು ಅಳುತ್ತಾಳೆ. ಹೊರಬಂದರೂ ನೆಮ್ಮದಿಯಿಲ್ಲ. ಡ್ಯೂಟಿ ಮುಗಿಸಿ ಬಂದಾಗ ರೂಮಿನಲ್ಲಿ ಯಾರೂ ಕಾಣದಿದ್ದರೆ, ಕರ್ತನು ಬಂದು ಎಲ್ಲರನ್ನೂ ಕರೆದೊಯ್ದಿದ್ದಾನೆ, ನಾನೊಬ್ಬಳೇ ಉಳಿದೆ ಎಂದು ಮೈ ಬೆವರುತ್ತದೆ. ಒಂದು ಜೊತೆ ಚಪ್ಪಲಿ ಕೊಳ್ಳಲೂ ಯಾರದಾದರೂ ಅಪ್ಪಣೆ ಬೇಕೆನಿಸುತ್ತದೆ. ಏನು ಮಾಡಲಿ?

ಉತ್ತರ: ಆ ಅರಿಕೆ ಮಾಡಬೇಡಿ.

ಅಮ್ಮ ಹೇಳುವ ‘ಒಂದು ಮಾತು’ ಒಂದೇ ಮಾತಿಗೆ ಮುಗಿಯುವುದಿಲ್ಲ. ಅವಿಧೇಯತೆಯನ್ನು ಒಪ್ಪಿಕೊಂಡವಳು ಇನ್ನು ಮುಂದೆ ವಿಧೇಯಳಾಗಿರಬೇಕು ತಾನೇ? ಮುಂದಿನ ತಿಂಗಳೇ ಇನ್ನೊಬ್ಬ ಹುಡುಗನ ಫೋಟೊ ಬರುತ್ತದೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನೀವು ಎದ್ದು ನಿಲ್ಲುವ ಭಾನುವಾರ ಹೆಂಗಸರ ಸಾಲಿನಲ್ಲಿ ಮುಸುಕು ಹೊದ್ದು ಕುಳಿತಿರುವವರಲ್ಲಿ ನಿಮ್ಮ ತಂಗಿಯೂ ಇರುತ್ತಾಳೆ. ಆ ಮನೆಯಲ್ಲಿ ‘ಒಲ್ಲೆ’ ಎಂದು ಹೇಳಿ ಬದುಕಿದವರು ನೀವೊಬ್ಬರೇ. ಮದುವೆಯ ಹೊಸ್ತಿಲಲ್ಲಿರುವ ಹುಡುಗಿಯ ಎದುರು ಆ ಒಬ್ಬಳ ಬಾಯಿಂದಲೇ ‘ನನ್ನದು ತಪ್ಪು’ ಎನ್ನಿಸುವುದು ಯಾರಿಗೆ ಪಾಠ ಹೇಳಲಿಕ್ಕೆ ಎಂದು ಬಿಡಿಸಿ ಹೇಳಬೇಕೆ? ನಿಮ್ಮ ಅಪ್ಪ ಇಷ್ಟೆಲ್ಲ ಲೆಕ್ಕ ಹಾಕಿದ್ದಾರೆಂದು ನಾನು ಹೇಳುವುದಿಲ್ಲ. ಹಾಕದಿದ್ದರೂ ಪರಿಣಾಮ ಅದೇ.

ಇನ್ನು ಆ ಕೊಡೆ. ಬೈಬಲ್ ಅನ್ನು ತಿರುವಿ ಹಾಕಿದರೂ ಆ ಚಿತ್ರ ಸಿಗುವುದಿಲ್ಲ. ಅದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಬಿಲ್ ಗಾಥರ್ಡ್. 1961ರಲ್ಲಿ ಸಂಸ್ಥೆ ಕಟ್ಟಿ, ಸೆಮಿನಾರುಗಳಲ್ಲಿ ಸಾವಿರಾರು ಕುಟುಂಬಗಳಿಗೆ ತಂದೆಯ ಅಧಿಕಾರವನ್ನು ಬೋಧಿಸಿದವರು. ಹಲವು ಮಹಿಳೆಯರ ಮೇಲೆ ಲೈಂಗಿಕ ಕಿರುಕುಳ ನಡೆಸಿದ ಆರೋಪ ಬಂದು 2014ರಲ್ಲಿ ಅದೇ ಸಂಸ್ಥೆಗೆ ರಾಜೀನಾಮೆ ಕೊಟ್ಟರು. ತಮ್ಮ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂದು ಸಮಜಾಯಿಷಿಯನ್ನೂ ಕೊಟ್ಟರು. ಬೈಬಲ್‌ನಲ್ಲೇ ಇರುವುದನ್ನು ನೋಡಬೇಕೆಂದರೆ ಅರಣ್ಯಕಾಂಡದ 27ನೇ ಅಧ್ಯಾಯ ತೆರೆಯಿರಿ. ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ, ಇಡೀ ಸಭೆಯ ಮುಂದೆ ನಿಂತು ತಂದೆಯ ಆಸ್ತಿಯಲ್ಲಿ ಪಾಲು ಕೇಳುತ್ತಾರೆ. ಅವರು ಕೇಳುತ್ತಿರುವುದು ನ್ಯಾಯ ಎಂದು ದೇವರೇ ತೀರ್ಪು ಕೊಡುತ್ತಾನೆ. ಇದನ್ನು ಹಿಡಿದುಕೊಂಡು ಅಪ್ಪನ ಹತ್ತಿರ ವಾದಕ್ಕೆ ಹೋಗಬೇಡಿ. ವಾಕ್ಯಕ್ಕೆ ವಾಕ್ಯ ಎಸೆಯುವುದರಲ್ಲಿ ಅವರು ಪಳಗಿದವರು. ನಿಮಗೆ ಗೊತ್ತಿರಲಿ ಎಂದಷ್ಟೇ ಹೇಳಿದೆ.

ಆಸ್ತಿಯ ಬೆದರಿಕೆಯನ್ನು ಮಾತ್ರ ಕಾನೂನಿನ ಕಣ್ಣಿಂದ ನೋಡಿ. ಕ್ರೈಸ್ತರಿಗೆ ಅನ್ವಯವಾಗುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಪತ್ನಿಗೆ ಮೂರನೇ ಒಂದು ಪಾಲು. ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಆದರೆ ಉಯಿಲು ಬರೆದು ಎಲ್ಲವನ್ನೂ ಬೇರೆಯವರಿಗೆ ಕೊಡುವ ಹಕ್ಕೂ ಅವರಿಗಿದೆ. ಹಾಗಾಗಿ ಆ ಪಾಲನ್ನು ನಂಬಿ ಯಾವ ತೀರ್ಮಾನವನ್ನೂ ಮಾಡಬೇಡಿ. ನಿಮ್ಮ ಅಂಕಪಟ್ಟಿ, ನರ್ಸಿಂಗ್ ನೋಂದಣಿ ಪತ್ರಗಳು ಇನ್ನೂ ಊರಿನ ಬೀರುವಿನಲ್ಲಿದ್ದರೆ ಮೊದಲು ಅವನ್ನು ತರಿಸಿಕೊಳ್ಳಿ. ಕೊಡದಿದ್ದರೆ ನಕಲಿಗೆ ಅರ್ಜಿ ಹಾಕಿ.

ಖಾಲಿ ರೂಮಿನ ಭಯದ ಬಗ್ಗೆ ನಿಮಗೆ ನಾಚಿಕೆ ಇದ್ದಂತಿದೆ. ಬೇಡ. ಇಂಥ ಸಭೆಗಳಲ್ಲಿ ಬೆಳೆದ ಎಷ್ಟೋ ಜನ, ಯಾವ ದೇಶದವರಾದರೂ, ಇದೇ ಭಯವನ್ನು ಹೇಳಿಕೊಳ್ಳುತ್ತಾರೆ. ಲೋಕದ ಅಂತ್ಯಕ್ಕೆ ಮೊದಲೇ ವಿಶ್ವಾಸಿಗಳನ್ನು ಗುಟ್ಟಾಗಿ ಸ್ವರ್ಗಕ್ಕೆ ಒಯ್ಯಲಾಗುತ್ತದೆ ಎಂಬ ಬೋಧನೆ ಹರಡಿದ್ದು 1830ರ ದಶಕದಿಂದೀಚೆಗೆ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರಿಂದ. ಕ್ಯಾಥೊಲಿಕರು ಇದನ್ನು ಬೋಧಿಸುವುದಿಲ್ಲ. ಆ ಬೋಧನೆಗೆ ಆಧಾರವಾಗಿ ತೋರಿಸುವ, ಬೈಬಲ್‌ನಲ್ಲಿರುವ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರಿಕೆಯ ಮಾತುಗಳನ್ನು ಪೌಲನು ಬರೆದದ್ದು ತಮ್ಮವರನ್ನು ಕಳೆದುಕೊಂಡು ದುಃಖದಲ್ಲಿದ್ದವರನ್ನು ಸಂತೈಸಲು. ಆ ಸಾಂತ್ವನದಿಂದಲೇ ಮಕ್ಕಳನ್ನು ಹೆದರಿಸಿದರಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ. ತಿಳಿವಳಿಕೆಯಿಂದಷ್ಟೇ ಮೈಯ ಭಯ ಹೋಗುವುದಿಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಅದು ಸಾಲದಿದ್ದರೆ ನಿಮ್ಹಾನ್ಸ್ ನೀವಿರುವ ಬೆಂಗಳೂರಲ್ಲೇ ಇದೆ. ಕೆಲಸದ ಒತ್ತಡ ಎಂದು ಸುತ್ತಿಬಳಸದೆ ಇದೇ ಭಯ ಎಂದು ಹೇಳಿ.

ಚಪ್ಪಲಿಯ ವಿಷಯಕ್ಕೆ ನನಗೆ ನಗು ಬಂತು, ಕ್ಷಮಿಸಿ. ರಾತ್ರಿ ಪಾಳಿಯಲ್ಲಿ ರೋಗಿಯ ಬಿ.ಪಿ. ಇಳಿಯುತ್ತಿರುವಾಗ ಡಾಕ್ಟರನ್ನು ಈಗಲೇ ಎಬ್ಬಿಸಬೇಕೇ, ಹತ್ತು ನಿಮಿಷ ನೋಡಬೇಕೇ ಎಂದು ತೀರ್ಮಾನಿಸುವವರು ಯಾರು? ಆಗ ದಾವಣಗೆರೆಗೆ ಫೋನ್ ಮಾಡುತ್ತೀರೇನು? ತೀರ್ಮಾನಿಸಲು ನಿಮಗೆ ಚೆನ್ನಾಗಿಯೇ ಬರುತ್ತದೆ. ನಿಮಗಾಗಿ ತೀರ್ಮಾನಿಸಿ ಅಭ್ಯಾಸವಿಲ್ಲ, ಅಷ್ಟೇ. ತಪ್ಪು ಚಪ್ಪಲಿ ಕೊಂಡರೆ ಒಂದು ವಾರ ಕಾಲು ಕಚ್ಚುತ್ತದೆ. ಕಚ್ಚಲಿ.

ದೇವರ ವಿಷಯದಲ್ಲಿ ಅವಸರ ಬೇಡ. ಹೊಸ ಗೆಳತಿಯರಲ್ಲಿ ಯಾರಾದರೂ ‘ಅದನ್ನೂ ಬಿಟ್ಟುಬಿಡು’ ಎಂದರೆ ಅದೂ ಒಂದು ಅಪ್ಪಣೆಯೇ. ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಅಲ್ಲಿನ ಧರ್ಮಾಧಿಕಾರಿಗಳು ತಮ್ಮ ಮಾತಿಗೆ ತಲೆಬಾಗಲು ಹೇಳಿದಾಗ, ಪುರೋಹಿತರ ನೊಗವೊಂದನ್ನು ಈಗಷ್ಟೇ ಕಳಚಿದ್ದೇನೆ, ಇನ್ನೊಂದಕ್ಕೆ ಕತ್ತು ಕೊಡಲಾರೆ ಎಂಬರ್ಥದಲ್ಲಿ ಉತ್ತರ ಬರೆದರು. ಆದರೂ ಕೊನೆಯವರೆಗೆ ಕ್ರೈಸ್ತರಾಗಿಯೇ ಉಳಿದರು. ನೀವು ಉಳಿಯಬಹುದು, ಬೇರೆ ಸಭೆಗೆ ಹೋಗಬಹುದು, ಎಲ್ಲಿಗೂ ಹೋಗದಿರಬಹುದು. ಯಾವುದಕ್ಕೂ ಗಡುವಿಲ್ಲ.

ಈಗ ಮಾಡಬೇಕಾದ ಕೆಲಸ. ತಂಗಿಯ ಜೊತೆ ನೇರವಾಗಿ ಮಾತನಾಡಿ, ಅಮ್ಮನ ಮೂಲಕ ಬೇಡ. ಈ ಮದುವೆ ಅವಳಿಗೆ ಇಷ್ಟವೇ ಎಂದು ಒಮ್ಮೆ ಕೇಳಿ. ಇಷ್ಟವೆಂದರೆ ನಂಬಿ, ಅದೇ ಸಭೆಯ ಹುಡುಗನಾದರೂ ಸರಿ. ಅವಳ ಆಯ್ಕೆ ನಿಮ್ಮದರಂತೆಯೇ ಇರಬೇಕಾಗಿಲ್ಲ. ಇಷ್ಟವಿಲ್ಲವೆಂದರೆ ಅವಳು ವಯಸ್ಕಳು, ಒಪ್ಪಿಗೆಯಿಲ್ಲದೆ ಮದುವೆ ಮಾಡುವಂತಿಲ್ಲ. ನಿಮ್ಮ ವಿಳಾಸವನ್ನೂ ಮಹಿಳಾ ಸಹಾಯವಾಣಿ 181 ಅನ್ನೂ ಅವಳಿಗೆ ಬಾಯಿಪಾಠ ಮಾಡಿಸಿ. ಫೋನ್ ಯಾರ ಕೈಯಲ್ಲಿರುತ್ತದೋ ಹೇಳಲಾಗದು. ಅಪ್ಪನಿಗೆ ಎರಡೇ ಸಾಲು ಬರೆಯಿರಿ: ‘ತಂಗಿಯ ಮದುವೆಗೆ ಅಕ್ಕನಾಗಿ ಬರಲು ಸಿದ್ಧಳಿದ್ದೇನೆ. ಸಭೆಯ ಮುಂದೆ ಅರಿಕೆ ಮಾಡಲಾರೆ.’ ಮೂರನೆಯ ಸಾಲು ಬರೆದರೆ ವಾದ ಶುರುವಾಗುತ್ತದೆ. ಮದುವೆಯ ದಿನಕ್ಕೆ ಆಸ್ಪತ್ರೆಯಲ್ಲಿ ಈಗಲೇ ರಜೆ ಹಾಕಿಡಿ. ನೆಂಟರಿಷ್ಟರು ‘ದೊಡ್ಡವಳೆಲ್ಲಿ?’ ಎಂದು ಕೇಳತೊಡಗಿದ ಮೇಲೆ ಎಷ್ಟೋ ಅಪ್ಪಂದಿರು ಹಿಂದಿನ ರಾತ್ರಿ ಫೋನ್ ಮಾಡಿಸಿದ್ದುಂಟು.