ಮರದಚ್ಚಿನ ಚೆಲುವೆಯರು

ಪ್ರಶ್ನೆ: ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಹೆಂಗಸರ ಮುಖಗಳೆಲ್ಲ ಒಂದೇ ಬಗೆಯಾಗಿದ್ದು, ಉಡುಗೆ ಮಾತ್ರ ಅಷ್ಟು ವಿವರವಾಗಿರುವುದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ‘ಬಿಜಿನ್‌ಗಾ’ (ಚೆಲುವೆಯರ ಚಿತ್ರ) ಎಂಬ ಈ ಚಿತ್ರಗಳು ಹೊಸ ಕಿಮೋನೊ ವಿನ್ಯಾಸ, ನಡುಪಟ್ಟಿ ಕಟ್ಟುವ ರೀತಿ, ತುರುಬಿನ ಮಾದರಿಗಳನ್ನು ಎದೊ (ಇಂದಿನ ಟೋಕಿಯೊ) ನಗರದ ಜನರಿಗೆ ತಲುಪಿಸುತ್ತಿದ್ದವು, ಜವಳಿಗೆ ಹೆಸರಾದ ನಿಮ್ಮೂರಿನವರಿಗೆ ಸೀರೆ ಅಂಗಡಿಯ ಕ್ಯಾಲೆಂಡರ್ ನೆನಪಾದರೆ ತಪ್ಪಿಲ್ಲ. 1765ರಲ್ಲಿ ಕಲಾವಿದ ಸುಜುಕಿ ಹರುನೊಬುವಿನಿಂದ ಬಹುವರ್ಣ ಮುದ್ರಣ ಜನಪ್ರಿಯವಾದ ಮೇಲೆ, ಬಣ್ಣಕ್ಕೊಂದರಂತೆ ಚೆರಿ ಮರದ ಹಲಗೆ ಕೆತ್ತಿ, ಒಂದೇ ಕಾಗದದ ಮೇಲೆ ಒಂದಾದ ಮೇಲೊಂದು ಒತ್ತಿ, ಬಟ್ಟೆಯ ಹೂಬಳ್ಳಿಯನ್ನೂ ಮೂಡಿಸಲು ಸಾಧ್ಯವಾಯಿತು. ಆದರೆ ಮುಖಗಳೆಲ್ಲ ಒಂದೇ ಎಂಬುದನ್ನು ನಾನು ಪೂರ್ತಿ ಒಪ್ಪಲಾರೆ: 1790ರ ದಶಕದಲ್ಲಿ ಕಿತಗಾವ ಉತಮಾರೊ ತಲೆ, ಭುಜಗಳಷ್ಟನ್ನೇ ದೊಡ್ಡದಾಗಿ ಚಿತ್ರಿಸಿ, ಮೂಗು, ಕಣ್ಣುಗಳ ಅತಿ ಸೂಕ್ಷ್ಮ ವ್ಯತ್ಯಾಸದಲ್ಲಿಯೇ ಚಹಾದಂಗಡಿಯ ಒಕಿತಾಳಂಥ ನಿಜವಾದ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಚಹರೆ ಕೊಟ್ಟನು.